ಮೇಲ್ವಿಚಾರಣೆಯೂ ಸ್ವವಿವೇಕವೂ

ವ್ಯಾಸರಾಯರು ತಮ್ಮ ಶಿಷ್ಯರಿಗೆಲ್ಲ ಒಂದೊಂದು ಬಾಳೆಯ ಹಣ್ಣನ್ನು ಕೊಟ್ಟು, ಯಾರೂ ಕಾಣದ ಸ್ಥಳದಲ್ಲಿ ತಿಂದು ಬರಬೇಕೆಂದು ಅಪ್ಪಣೆ ಮಾಡಿದರೆಂಬ ಐತಿಹ್ಯವು ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೂ ತಿಳಿದುದು. ಒಬ್ಬನು ಬಾಗಿಲ ಮರೆಯಲ್ಲಿ ತಿಂದನು. ಇನ್ನೊಬ್ಬನು ಮರದ ಮರೆಯಲ್ಲಿ ತಿಂದನು. ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದು, ಪರಮಾತ್ಮನು ಕಾಣದ ಸ್ಥಳವು ಎಲ್ಲಿಯೂ ದೊರೆಯಲಿಲ್ಲವೆಂದರು. ಈ ಕಥೆಯನ್ನು ಭಕ್ತಿಗೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಆದರೆ ಇದರಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯೂ ಅಡಗಿದೆ. ಗುರುಗಳು ಎದುರಿಗೆ ಕುಳಿತೇ ಶಿಷ್ಯರನ್ನು ಪರೀಕ್ಷಿಸಬಹುದಾಗಿದ್ದಿತು. ಹಾಗೆ ಮಾಡದೆ ತಮ್ಮ ಕಣ್ಣನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ಕಣ್ಣೆದುರಿನಲ್ಲಿ ಶಿಷ್ಯನು ಹೇಗೆ ನಡೆಯುವನೆಂಬುದು ಅವರಿಗೆ ತಿಳಿದೇ ಇದ್ದಿತು. ತಿಳಿಯಬೇಕಾಗಿದ್ದುದು ಕಣ್ಮರೆಯ ನಡತೆ.

ವೈದ್ಯನಾಗಲಿ, ವಕೀಲನಾಗಲಿ, ಉಪಾಧ್ಯಾಯನಾಗಲಿ, ಕೆಲಸದ ಪೂರ್ಣ ಹೊಣೆಯನ್ನು ಹೊರುವುದಕ್ಕೆ ಮೊದಲು ಕೆಲವು ಕಾಲ ಹಿರಿಯರ ಕಣ್ಣೆದುರಿನಲ್ಲಿ ದುಡಿಯಬೇಕೆಂಬುದು ಎಲ್ಲ ನಾಗರಿಕ ದೇಶಗಳೂ ಒಪ್ಪಿದ ಏರ್ಪಾಡು. ಹಿಂದಿನ ಕಚೇರಿಗಳಲ್ಲಿ ಇದಕ್ಕೆ ಉಮೇದುವಾರಿಕೆಯೆಂಬ ಹೆಸರಿದ್ದಿತು. ಈ ಏರ್ಪಾಡಿನ ಉಪಯೋಗವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೂ ಒಂದು ಸಂದೇಹವು ಉಳಿಯುತ್ತದೆ. ಯಾವ ಉದ್ಯೋಗದ ಮುಖ್ಯವಾದ ಧರ್ಮವು ಯಾರೂ ನೋಡದಿರುವಾಗ ನಡೆಯತಕ್ಕದ್ದೋ, ಆ ಉದ್ಯೋಗವನ್ನು ನೋಡುವವರ ಮುಂದೆ ಕಲಿಯುವುದು ಸಾಧ್ಯವೆ? ಈ ಸಂದೇಹವನ್ನು ಪರಿಶೀಲಿಸುವುದಕ್ಕೆ ವೈದ್ಯಕೀಯದಂತಹ ಪ್ರಸಿದ್ಧ ವೃತ್ತಿಗಿಂತಲೂ, ಹೊರಗಿನವರಿಗೆ ನಿರಪಾಯವಾಗಿಯೂ ಸುಲಭವಾಗಿಯೂ ತೋರುವ ಒಂದು ವೃತ್ತಿಯೇ ಹೆಚ್ಚು ಅನುಕೂಲವಾದುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಶಾಲೆಗಳಲ್ಲಿ ಗ್ರಂಥಪಾಲರಾಗತಕ್ಕವರ ಅಭ್ಯಾಸಕಾಲವು ಅಂತಹುದು.

ಆ ದೇಶದಲ್ಲಿ ಮೆಲ್ವಿಲ್ ಡ್ಯೂಯಿಯವರು ತಮ್ಮ ದಶಾಂಶ ವರ್ಗೀಕರಣವನ್ನು 1876ರಲ್ಲಿ ಪ್ರಕಟಿಸಿ, 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲರ ಶಿಕ್ಷಣಕ್ಕಾಗಿಯೇ ಒಂದು ಶಾಲೆಯನ್ನು ತೆರೆದರು. ಮೊದಲನೆಯ ತರಗತಿಯ 20 ಮಂದಿಯಲ್ಲಿ 17 ಮಂದಿ ಸ್ತ್ರೀಯರು. ಸ್ತ್ರೀಯರನ್ನು ಸೇರಿಸಿಕೊಂಡುದು ಕಾಲೇಜಿನ ಆಡಳಿತದವರಿಗೆ ಹಿಡಿಸಲಿಲ್ಲ. 1889ರಲ್ಲಿ ಶಾಲೆಯು ಆಲ್ಬನಿ ನಗರಕ್ಕೆ ಸ್ಥಳಾಂತರವಾಯಿತು. 1900ರಲ್ಲಿ ಮೇರಿ ಕಿಂಗ್ಸ್‌ಬರಿಯವರು ಬ್ರೂಕ್ಲಿನ್ನಿನ ಇರಾಸ್ಮಸ್ ಹಾಲ್ ಪ್ರೌಢಶಾಲೆಯಲ್ಲಿ ಗ್ರಂಥಪಾಲಿಕೆಯಾಗಿ ನಿಯಮಿತರಾದರು. ಗ್ರಂಥಪಾಲನೆಯ ವಿಶೇಷ ಶಿಕ್ಷಣವನ್ನು ಪಡೆದವರು ಶಾಲೆಗಳಿಗೆ ಬರತೊಡಗಿದುದು ಅಲ್ಲಿಂದ. ಕಾಲಕ್ರಮದಲ್ಲಿ ಪುಸ್ತಕಗಳ ಜತೆಗೆ ಚಲಚ್ಚಿತ್ರಗಳೂ ಧ್ವನಿಮುದ್ರಿಕೆಗಳೂ ಆ ಕೊಠಡಿಯನ್ನು ಸೇರಿದುದರಿಂದ, 1969ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡಗಳು ಅದನ್ನು ಮಾಧ್ಯಮ ಕೇಂದ್ರವೆಂದು ಕರೆದವು. ಈಗ ಗಣಕಯಂತ್ರಗಳೂ ಅಲ್ಲಿ ಇವೆ. ಹೆಸರು ಏನೇ ಆದರೂ, ಮಗುವು ಪಾಠಪುಸ್ತಕದ ಆಚೆಗೆ ತಾನಾಗಿ ಕೈಚಾಚುವ ಸ್ಥಳವು ಶಾಲೆಯಲ್ಲಿ ಅದೊಂದೇ.

ಅಲ್ಲಿ ಕೆಲಸಕ್ಕೆ ಸೇರತಕ್ಕವರು ವಿಶ್ವವಿದ್ಯಾಲಯದಲ್ಲಿ ಓದಿದರೆ ಸಾಲದು. ಒಂದು ಶಾಲೆಯ ಭಂಡಾರದಲ್ಲಿ ಅನುಭವಸ್ಥರ ಕೈಕೆಳಗೆ ಕೆಲಸ ಮಾಡಿ ತೋರಿಸಬೇಕು. ಇದರ ಅವಧಿಯು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್ ರಾಜ್ಯದ ನಿಯಮಗಳು ಕನಿಷ್ಠ 160 ಗಂಟೆಗಳ ಅಭ್ಯಾಸವನ್ನು ವಿಧಿಸಿವೆ. ಸ್ನಾತಕೋತ್ತರ ಪದವಿಯೂ, ಎರಡು ವರ್ಷ ತರಗತಿಯಲ್ಲಿ ಪಾಠ ಹೇಳಿದ ಅನುಭವವೂ ಅಲ್ಲಿ ಬೇಕಾಗುವುದರಿಂದ, ಅಭ್ಯಾಸಕ್ಕೆ ಬರುವವರು ಏನೂ ಅರಿಯದ ಎಳೆಯರಲ್ಲ. ಹತ್ತು ವರ್ಷ ಮಕ್ಕಳಿಗೆ ಕಲಿಸಿದಾಕೆಯೂ ಇಲ್ಲಿ ಮತ್ತೆ ಶಿಷ್ಯೆಯಾಗಿ ನಿಲ್ಲಬೇಕಾದೀತು. ಶಾಲೆಯ ಗ್ರಂಥಪಾಲಿಕೆಯು ದಿನದಿನವೂ ಮಾರ್ಗದರ್ಶಿನಿಯಾಗಿರುವಳು. ವಿಶ್ವವಿದ್ಯಾಲಯದ ಮೇಲ್ವಿಚಾರಕರು ಆಗಾಗ ಬಂದು ನೋಡಿ ಹೋಗುವರು. ಅಭ್ಯರ್ಥಿನಿಯು ತಾನು ಕಳೆದ ಗಂಟೆಗಳ ಲೆಕ್ಕವನ್ನೂ, ಮಾಡಿದ ಕೆಲಸದ ದಿನಚರಿಯನ್ನೂ ಬರೆದಿಡುವಳು. ಕೊನೆಗೆ ಹಿರಿಯರ ರುಜು ಬಿದ್ದರೆ ಅಭ್ಯಾಸವು ಮುಗಿಯಿತು.

ಈ ಗಂಟೆಗಳಲ್ಲಿ ಕಲಿಯಬೇಕಾದುದು ಅಲ್ಪವೇನೂ ಅಲ್ಲ. ತಿಮಿಂಗಿಲದ ವಿಷಯವಾದ ಪುಸ್ತಕಕ್ಕೆ 599.5 ಎಂಬ ಅಂಕೆಯೂ, ಜನಪದ ಕಥೆಗಳಿಗೆ 398.2 ಎಂಬ ಅಂಕೆಯೂ ಏಕೆ ಬೀಳುವುದೆಂಬುದನ್ನು ತಿಳಿಯಬೇಕು. ಚಿಕ್ಕ ಮಕ್ಕಳಿಗೆ ಕಥೆಯನ್ನು ಓದಿ ಹೇಳಬೇಕು. ದೊಡ್ಡವರಿಗೆ ಒಂದು ವಿಷಯವನ್ನು ಹುಡುಕುವ ಬಗೆಯನ್ನೂ, ಸಿಕ್ಕಿದುದರಲ್ಲಿ ನಂಬತಕ್ಕುದನ್ನು ಆರಿಸುವ ಬಗೆಯನ್ನೂ ಕಲಿಸಬೇಕು. ಹಳತಾಗಿ ಸುಳ್ಳಾದ ಭೂಗೋಳವನ್ನೂ, ಹರಿದು ಹೋದ ಸಂಪುಟವನ್ನೂ ಕಪಾಟಿನಿಂದ ತೆಗೆಯಬೇಕು. ಇದನ್ನು ಅಲ್ಲಿಯವರು ಕಳೆ ಕೀಳುವುದೆಂದೇ ಕರೆಯುವರು. ಇವೆಲ್ಲವೂ ಕಣ್ಣಿಗೆ ಕಾಣುವ ಕೆಲಸಗಳು. ಸರಿಯಾಗಿ ಮಾಡಿದರೆ ಸರಿಯೆಂದೂ, ತಪ್ಪಿದರೆ ತಪ್ಪೆಂದೂ ಬಳಿಯಲ್ಲಿ ನಿಂತವರು ಹೇಳಬಲ್ಲರು.

ಆದರೆ ಈ ವೃತ್ತಿಯಲ್ಲಿ ಬಳಿಯಲ್ಲಿ ನಿಂತವರಿಗೂ ಕಾಣದ ಎರಡು ಸಂಗತಿಗಳಿವೆ.

ಮೊದಲನೆಯದು ಮಗುವಿನ ಗುಟ್ಟು. ಮಗುವು ಕೇಳುವ ಪುಸ್ತಕವು ಒಂದಾದರೆ, ಅದಕ್ಕೆ ಬೇಕಾಗಿರುವುದು ಅನೇಕ ವೇಳೆ ಇನ್ನೊಂದು. ಹನ್ನೊಂದು ವರ್ಷದ ಹುಡುಗನೊಬ್ಬನು ಬಂದು, ಕ್ಯಾನ್ಸರ್ ಎಂದರೆ ಏನೆಂದು ತಿಳಿಸುವ ಪುಸ್ತಕವನ್ನು ಕೇಳಿದನೆಂದು ಭಾವಿಸಬಹುದು. ಹೊಸಬಳಾದ ಅಭ್ಯರ್ಥಿನಿಯು ತನ್ನ ಜಾಣ್ಮೆಯನ್ನು ತೋರಿಸುವ ಉತ್ಸಾಹದಿಂದ, ಆ ರೋಗದ ಹೆಸರನ್ನು ಗಟ್ಟಿಯಾಗಿ ಉಚ್ಚರಿಸುತ್ತ, ಅವನನ್ನು ಸಹಪಾಠಿಗಳ ನಡುವಿನಿಂದಲೇ ವೈದ್ಯಕದ ಕಪಾಟಿಗೆ ಕರೆದುಕೊಂಡು ಹೋಗಿ, ಸರಿಯಾದ ಪುಸ್ತಕವನ್ನೇ ತೆಗೆದುಕೊಡುವಳು. ಅಂಕೆಯು ಸರಿ, ಪುಸ್ತಕವು ಸರಿ, ಕಾಲವೂ ಉಳಿಯಿತು. ಆದರೆ ಮನೆಯಲ್ಲಿ ತಾಯಿಯು ಹಾಸಿಗೆ ಹಿಡಿದಿರುವ ಹುಡುಗನ ಮುಖವನ್ನು ಆಕೆ ನೋಡಲಿಲ್ಲ. ಅಮೆರಿಕದ ಗ್ರಂಥಾಲಯ ಸಂಘವು 1939ರಲ್ಲಿ ಅಂಗೀಕರಿಸಿದ ನೀತಿಸಂಹಿತೆಯಲ್ಲಿಯೇ, ಓದುಗರ ಸಂಪರ್ಕದಿಂದ ತಿಳಿದುಬಂದ ಖಾಸಗಿ ವಿಷಯವನ್ನು ಗುಟ್ಟಾಗಿಡುವುದು ಗ್ರಂಥಪಾಲರ ಕರ್ತವ್ಯವೆಂದು ಹೇಳಿದೆ. ಆ ಸೂತ್ರವನ್ನು ಬಾಯಿಪಾಠ ಮಾಡಿದವಳೂ ಈ ತಪ್ಪನ್ನು ಮಾಡಬಹುದು. ಏಕೆಂದರೆ ಆ ಹೊತ್ತಿನಲ್ಲಿ ಆಕೆಯ ಕಣ್ಣು ಇದ್ದುದು ಹುಡುಗನ ಮೇಲಲ್ಲ, ತನ್ನನ್ನು ನೋಡುತ್ತಿದ್ದ ಮಾರ್ಗದರ್ಶಿನಿಯ ಮೇಲೆ.

ಎರಡನೆಯದು ಪುಸ್ತಕಗಳ ಆಯ್ಕೆ. ಇದ್ದ ಪುಸ್ತಕವನ್ನು ತೆಗೆದುಹಾಕಿದರೆ ಸದ್ದಾಗುತ್ತದೆ. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಎಂಬಲ್ಲಿಯ ಶಾಲಾ ಮಂಡಲಿಯು 1976ರಲ್ಲಿ ಕೆಲವು ಪುಸ್ತಕಗಳನ್ನು ಶಾಲೆಯ ಗ್ರಂಥಾಲಯದಿಂದ ತೆಗೆಯಿಸಿದಾಗ, ವಿದ್ಯಾರ್ಥಿಗಳೇ ನ್ಯಾಯಾಲಯಕ್ಕೆ ಹೋದರು. 1982ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಮಂಡಲಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಒಳಗಿನ ವಿಚಾರಗಳು ತಮಗೆ ಹಿಡಿಸಲಿಲ್ಲವೆಂಬ ಕಾರಣದಿಂದಲೇ ಪುಸ್ತಕಗಳನ್ನು ತೆಗೆಯಲಾಗದೆಂದು ನ್ಯಾಯಮೂರ್ತಿ ಬ್ರೆನನ್ನರು ಬರೆದರು. ಆದರೆ ಬಹುಮತದ ಒಂದೇ ಅಭಿಪ್ರಾಯವು ಅಲ್ಲಿ ಏರ್ಪಡಲಿಲ್ಲ. ಬ್ರೆನನ್ನರ ಮಾತು ಸಹ ಇರುವ ಪುಸ್ತಕವನ್ನು ತೆಗೆಯುವುದಕ್ಕೆ ಮಾತ್ರ ಸಂಬಂಧಿಸಿದುದು. ಹೊಸ ಪುಸ್ತಕವನ್ನು ಕೊಳ್ಳುವ ವಿಷಯಕ್ಕೆ ಅದನ್ನು ಅವರು ವಿಸ್ತರಿಸಲಿಲ್ಲ. ಕೊಳ್ಳದೆ ಬಿಟ್ಟ ಪುಸ್ತಕಕ್ಕೆ ವಾದಿಯೂ ಇಲ್ಲ, ಸಾಕ್ಷಿಯೂ ಇಲ್ಲ. ಇದು ಬರಿಯ ಊಹೆಯಲ್ಲವೆಂಬುದನ್ನು ಮಾರ್ಜರಿ ಫಿಸ್ಕ್ ಅವರು ಕ್ಯಾಲಿಫೋರ್ನಿಯದ ಶಾಲಾ ಹಾಗೂ ಸಾರ್ವಜನಿಕ ಗ್ರಂಥಾಲಯಗಳನ್ನು ಪರಿಶೀಲಿಸಿ 1959ರಲ್ಲಿ ಪ್ರಕಟಿಸಿದ ಗ್ರಂಥವು ತೋರಿಸಿತು. ಹೊರಗಿನವರು ಯಾರೂ ಆಕ್ಷೇಪಿಸದಿರುವಾಗಲೇ, ಆಕ್ಷೇಪಣೆ ಬಂದೀತೆಂಬ ಅಂಜಿಕೆಯಿಂದ, ವಿವಾದಕ್ಕೆ ಎಡೆಗೊಡಬಹುದಾದ ಪುಸ್ತಕಗಳನ್ನು ಗ್ರಂಥಪಾಲರು ತಾವಾಗಿಯೇ ದೂರವಿಡುತ್ತಿದ್ದರು. ಓದುವ ಸ್ವಾತಂತ್ರ್ಯವನ್ನು ತತ್ತ್ವದಲ್ಲಿ ಗಟ್ಟಿಯಾಗಿ ಸಮರ್ಥಿಸುತ್ತಿದ್ದವರೂ ಇವರ ನಡುವೆ ಇದ್ದರು. 2021ರಿಂದ ಈಚೆಗೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ಶಾಲೆಯ ಪುಸ್ತಕಗಳ ಮೇಲೆ ಆಕ್ಷೇಪಣೆಗಳು ಬಹಳವಾಗಿ ಹೆಚ್ಚಿರುವುದರಿಂದ ಆ ಅಂಜಿಕೆಗೆ ಕಾರಣವೂ ಹೆಚ್ಚಿದೆ.

ಹಾಗಾದರೆ ಮೇಲ್ವಿಚಾರಣೆಯು ವ್ಯರ್ಥವೆಂದು ಹೇಳಬೇಕೆ? ಕಾಣುವ ಕೆಲಸವನ್ನು ಮಾತ್ರ ಅದು ಅಳೆಯುವುದಾದರೆ, ಕಾಣದ ಧರ್ಮಕ್ಕೆ ಅದರಿಂದ ಬರುವ ಪ್ರಯೋಜನವೇನು? ನೋಡುವವರು ಇರುವಾಗ ಚೆನ್ನಾಗಿ ನಡೆಯುವ ಅಭ್ಯಾಸವು, ಅವರು ಹೋದ ಮೇಲೆ ಕೆಟ್ಟು ನಡೆಯುವುದಕ್ಕೇ ಸಿದ್ಧತೆಯಾಗಬಹುದಲ್ಲವೆ? ಗ್ರೀಕರ ಪ್ಲೇಟೋವು ಗೈಜಿಸನ ಉಂಗುರದ ಕಥೆಯಲ್ಲಿ ಎತ್ತಿದುದೂ ಇದೇ ಪ್ರಶ್ನೆ. ತೊಟ್ಟವನನ್ನು ಅದೃಶ್ಯನನ್ನಾಗಿ ಮಾಡುವ ಉಂಗುರವು ದೊರೆತರೆ, ನ್ಯಾಯವಂತನು ನ್ಯಾಯವಂತನಾಗಿಯೇ ಉಳಿಯುವನೆ? ಗ್ರಂಥಪಾಲಿಕೆಗೆ ಆ ಉಂಗುರವು ಕೆಲಸದ ಮೊದಲನೆಯ ದಿನವೇ ದೊರೆಯುತ್ತದೆ. ಆಕೆ ಯಾವ ಪುಸ್ತಕವನ್ನು ಪಟ್ಟಿಯಿಂದ ಬಿಟ್ಟಳೆಂಬುದನ್ನು ಯಾರೂ ಕಾಣಲಾರರು.

ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದ್ದರೂ, ಮೇಲ್ವಿಚಾರಣೆಯನ್ನು ತೊರೆಯುವುದು ಅದಕ್ಕೆ ಪರಿಹಾರವಲ್ಲ. ಹೊಸಬರ ತಪ್ಪಿನ ಫಲವನ್ನು ಉಣ್ಣುವವರು ಹೊಸಬರಲ್ಲ, ಮಕ್ಕಳು. ಮೇಲೆ ಹೇಳಿದ ಹುಡುಗನು ಮತ್ತೊಮ್ಮೆ ಆ ಕೊಠಡಿಗೆ ಕಾಲಿಡದೆ ಹೋದರೆ, ಅಭ್ಯರ್ಥಿನಿಯು ಪಾಠ ಕಲಿತಳೆಂಬ ಸಮಾಧಾನವು ಅವನಿಗೇನೂ ಆಗದು. ಪರರ ಮಕ್ಕಳನ್ನು ಪ್ರಯೋಗಕ್ಕೆ ಒಡ್ಡುವ ಅಧಿಕಾರವು ಯಾರಿಗೂ ಇಲ್ಲವಾದುದರಿಂದ, ಬಳಿಯಲ್ಲಿ ಒಬ್ಬ ತಿಳಿದವರು ಇರಲೇಬೇಕು. ಆದುದರಿಂದ ಪ್ರಶ್ನೆಯು ನೋಡಬೇಕೆ ಬೇಡವೆ ಎಂಬುದಲ್ಲ, ಹೇಗೆ ನೋಡಬೇಕೆಂಬುದು. ಆ ಹುಡುಗನ ಪ್ರಸಂಗದಲ್ಲಿ ಮಾರ್ಗದರ್ಶಿನಿಯು ನಡುವೆ ಬಾಯಿಹಾಕಿ ತಿದ್ದಿದರೆ, ಹುಡುಗನ ಗುಟ್ಟು ಇನ್ನಷ್ಟು ಬಯಲಾಗುವುದು. ಸುಮ್ಮನೆ ಬಿಟ್ಟರೆ ತಪ್ಪು ಉಳಿಯುವುದು. ವಿವೇಕವುಳ್ಳವಳು ಆಗ ಸುಮ್ಮನಿದ್ದು, ಇತರ ಮಕ್ಕಳ ಗಮನವನ್ನು ಬೇರೆ ಕಡೆಗೆ ಸೆಳೆದು, ಸಂಜೆ ಕೊಠಡಿಯು ಬರಿದಾದ ಮೇಲೆ ಅಭ್ಯರ್ಥಿನಿಯನ್ನು ಒಂದೇ ಮಾತು ಕೇಳುವಳು: “ಆ ಹುಡುಗ ಕೇಳಿದ್ದನ್ನು ಇನ್ನಾರು ಕೇಳಿಸಿಕೊಂಡರಮ್ಮ?” ಈ ಪ್ರಶ್ನೆಯಲ್ಲಿ ಗದರಿಕೆಯಿಲ್ಲ. ಆದರೆ ಅದನ್ನು ಕೇಳಿಸಿಕೊಂಡವಳು ಮರುದಿನದಿಂದ ಮಾರ್ಗದರ್ಶಿನಿಯ ಮುಖವನ್ನು ನೋಡುವುದನ್ನು ಬಿಟ್ಟು ಮಗುವಿನ ಮುಖವನ್ನು ನೋಡತೊಡಗುವಳು. ಮೇಲ್ವಿಚಾರಣೆಯ ಸಾರ್ಥಕ್ಯವು ಈ ದೃಷ್ಟಿಯ ತಿರುವಿನಲ್ಲಿದೆ. ತನ್ನ ಕಡೆಗೆ ನೋಡುವ ಶಿಷ್ಯೆಯನ್ನು ಮಗುವಿನ ಕಡೆಗೆ ತಿರುಗಿಸಿದವಳೇ ಒಳ್ಳೆಯ ಮಾರ್ಗದರ್ಶಿನಿ.

ಇಷ್ಟರಿಂದ ಗುಟ್ಟಿನ ಪ್ರಶ್ನೆಯು ಬಗೆಹರಿಯಿತೆಂದರೂ, ಆಯ್ಕೆಯ ಪ್ರಶ್ನೆಯು ಹೆಚ್ಚು ಕಠಿನವಾದುದು. ಏಕೆಂದರೆ ಅಲ್ಲಿ ದೋಷವು ಮಾರ್ಗದರ್ಶಿನಿಯಲ್ಲಿಯೇ ಇರಬಹುದು. ಒಳ್ಳೆಯ ಪುಸ್ತಕವೊಂದು ಕಪಾಟಿನಲ್ಲಿರದೆ ಮೇಜಿನ ಸೆಳೆಖಾನೆಯಲ್ಲಿ ಕೂತಿರುವುದನ್ನು ಅಭ್ಯರ್ಥಿನಿಯು ಕಂಡಳೆನ್ನಬಹುದು. ಪಟ್ಟಿಯಲ್ಲಿ ಅದರ ಹೆಸರಿದೆ. ಕೇಳಿದ ಮಕ್ಕಳಿಗೆ ಇಲ್ಲವೆಂಬ ಉತ್ತರ. ಈಗ ಆಕೆ ಏನು ಮಾಡಬೇಕು? ತನ್ನ ಪ್ರಮಾಣಪತ್ರಕ್ಕೆ ರುಜು ಹಾಕತಕ್ಕವಳು ಅವಳೇ. ಸುಮ್ಮನಿರುವುದಕ್ಕೆ ಬೇಕಾದಷ್ಟು ಕಾರಣಗಳೂ ಇವೆ. ತಾನು ಆ ಮನೆಗೆ ಕೆಲವು ದಿನಗಳ ಅತಿಥಿ. ಆ ಊರಿನ ಹಿಂದುಮುಂದುಗಳನ್ನು ಅರಿಯದವಳು. ಇಪ್ಪತ್ತು ವರ್ಷ ದುಡಿದವಳ ನಿರ್ಣಯವನ್ನು ಪ್ರಶ್ನಿಸುವುದು ಅಹಂಕಾರವಾದೀತು. ಈ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ಆದುದರಿಂದಲೇ ಅವು ಅಪಾಯಕರವಾದುವು. ಇಂದು ವಿನಯವೆಂಬ ಹೆಸರಿನಿಂದ ಸುಮ್ಮನಿರಲು ಕಲಿತವಳು, ನಾಳೆ ಸ್ವತಂತ್ರಳಾದಾಗ ಇನ್ನಾವ ಹೆಸರಿನಿಂದಲೋ ಸುಮ್ಮನಿರುವಳು. ಅಭ್ಯಾಸಕಾಲದಲ್ಲಿ ಕಲಿಯುವುದು ಹೇಳಿಕೊಟ್ಟುದನ್ನು ಮಾತ್ರವಲ್ಲ. ಕಂಡೂ ನುಂಗಿಕೊಂಡುದು ಸಹ ಅಭ್ಯಾಸವಾಗಿಯೇ ಕೂಡುತ್ತದೆ.

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯಾಭ್ಯಾಸವನ್ನು ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ಮಾಡುವ ಅನುಶಾಸನವಿದೆ. ತಾಯಿ, ತಂದೆ, ಆಚಾರ್ಯರನ್ನು ದೇವರಂತೆ ಕಾಣಬೇಕೆಂದು ಹೇಳಿದ ಆಚಾರ್ಯನೇ, ಅದರ ಬೆನ್ನಲ್ಲಿಯೇ, ತಮ್ಮಲ್ಲಿ ಯಾವುದು ಸುಚರಿತವೋ ಅದನ್ನು ಮಾತ್ರ ಅನುಸರಿಸತಕ್ಕದ್ದು, ಉಳಿದುದನ್ನಲ್ಲ ಎಂದೂ ಹೇಳುತ್ತಾನೆ. ಗುರುವಿನಲ್ಲಿ ಪೂಜ್ಯಭಾವವೂ, ಗುರುವಿನ ನಡತೆಯಲ್ಲಿ ಗುಣದೋಷಗಳ ವಿವೇಚನೆಯೂ ಒಂದೇ ಹೃದಯದಲ್ಲಿ ಇರಬಹುದೆಂಬುದು ಇದರ ತಾತ್ಪರ್ಯ. ಆದುದರಿಂದ ಅಭ್ಯರ್ಥಿನಿಯು ಆ ಪುಸ್ತಕದ ವಿಷಯವನ್ನು ಎತ್ತಲೇಬೇಕು. ಆದರೆ ಆರೋಪವಾಗಿ ಅಲ್ಲ, ಪ್ರಶ್ನೆಯಾಗಿ: ಇದನ್ನು ಇಲ್ಲಿ ಇಟ್ಟಿರುವುದಕ್ಕೆ ಕಾರಣವೇನು? ಕಾರಣವು ನ್ಯಾಯವಾಗಿರಲೂಬಹುದು. ಪುಸ್ತಕದ ಹಾಳೆಗಳು ಕಿತ್ತಿರಬಹುದು. ಆ ಶಾಲೆಯ ಮಕ್ಕಳ ವಯಸ್ಸಿಗೆ ಅದು ಮೀರಿರಬಹುದು. ಪರಿಶೀಲನೆಯು ಮುಗಿಯುವವರೆಗೆ ಹಾಗಿಡಬೇಕೆಂದು ಆ ರಾಜ್ಯದ ಕಾನೂನೇ ವಿಧಿಸಿರಬಹುದು. ಯಾವ ಭಂಡಾರವೂ ಎಲ್ಲ ಪುಸ್ತಕಗಳನ್ನೂ ಕೊಳ್ಳಲಾರದು, ಕೊಳ್ಳಬೇಕಾಗಿಯೂ ಇಲ್ಲ. ಆರಿಸುವುದೆಂದರೆ ಕೆಲವನ್ನು ಬಿಡುವುದೇ.

ಆಯ್ಕೆಗೂ ಅಂಜಿಕೆಗೂ ಇರುವ ಭೇದವನ್ನು ತಿಳಿಯುವುದಕ್ಕೆ ಒಂದು ಸುಲಭವಾದ ಒರೆಗಲ್ಲಿದೆ. ಪುಸ್ತಕವನ್ನು ಬಿಟ್ಟುದಕ್ಕೆ ಯಾವ ಕಾರಣವನ್ನು ಉಪಾಧ್ಯಾಯರ ಮುಂದೆ, ಹೆತ್ತವರ ಮುಂದೆ, ಆ ಪುಸ್ತಕವನ್ನು ಕೇಳಿ ಬಂದ ಮಗುವಿನ ಮುಂದೆ ಸಹ ಬಾಯಿಬಿಟ್ಟು ಹೇಳಬಹುದೋ, ಅದು ಆಯ್ಕೆ. ಯಾವುದನ್ನು ಪಿಸುಮಾತಿನಲ್ಲಿ ಮಾತ್ರ ಹೇಳಬಹುದೋ, ಅದು ಅಂಜಿಕೆ. ಹೀಗೆಂದರೆ ಮಗುವಿನ ಗುಟ್ಟನ್ನೂ ಬಯಲಿಗೆ ತರಬೇಕಾಯಿತಲ್ಲ ಎಂದು ಕೇಳುವವರಿರಬಹುದು. ಹಾಗಲ್ಲ. ಮಗುವಿನ ಗುಟ್ಟನ್ನು ಕಾಯುವುದು ಮಗುವಿಗಾಗಿ. ಸೆಳೆಖಾನೆಯ ಪುಸ್ತಕವನ್ನು ಬಚ್ಚಿಡುವುದು ತನಗಾಗಿ. “ಈ ಹುಡುಗನು ಓದಿದುದನ್ನು ಹೇಳಲಾರೆ” ಎಂದು ಬಹಿರಂಗವಾಗಿಯೇ ಹೇಳಬಹುದು, ಹೇಳಿದವಳಿಗೆ ಗೌರವವೂ ಉಂಟು. “ದೂರು ಬಂದೀತೆಂದು ಹೆದರಿ ಬಚ್ಚಿಟ್ಟಿದ್ದೇನೆ” ಎಂದು ಹಾಗೆ ಹೇಳಿಕೊಳ್ಳುವವರು ಅಪೂರ್ವ. ಕನಕದಾಸರು ಕಂಡುಕೊಂಡ ಸತ್ಯವು ಇಲ್ಲಿ ಲೌಕಿಕವಾದ ಉಪಯೋಗಕ್ಕೂ ಬರುತ್ತದೆ. ನೋಡುವವರಿದ್ದಾರೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ನೋಡಿದರೂ ನಿಲ್ಲಬಲ್ಲ ಕಾರಣವು ತನ್ನಲ್ಲಿ ಇದೆಯೇ ಎಂಬುದು ಮುಖ್ಯ.

ಇಂತಹ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದು ಮಾರ್ಗದರ್ಶಿನಿಗೂ ಒಂದು ಪರೀಕ್ಷೆ. ಇಪ್ಪತ್ತು ವರ್ಷಗಳಿಂದ ಆಕೆಯ ಆಯ್ಕೆಯನ್ನು ಯಾರೂ ನೋಡಿರಲಾರರು. ಈಗ ಒಬ್ಬಳು ನೋಡಿದಳು. ಕಲಿಯಬಂದವಳ ಕಣ್ಣು ಕಲಿಸುವವಳ ಮೇಲೆಯೂ ಬೀಳುವುದು ಈ ಏರ್ಪಾಡಿನ ದೊಡ್ಡ ಲಾಭ. ನಿಯಮಾವಳಿಗಳು ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಅದು ಲಾಭವೇ. ಪ್ರಶ್ನೆಗೆ ಸಿಡಿಮಿಡಿಗೊಂಡು ರುಜುವಿನ ಮಾತನ್ನು ನೆನಪಿಸುವವಳು ಗಂಟೆಗಳಿಗೆ ಮಾತ್ರ ಸಾಕ್ಷಿ. ತಡೆದು ಯೋಚಿಸಿ, ಕಾರಣವಿದ್ದರೆ ಹೇಳಿ, ಇಲ್ಲದಿದ್ದರೆ ಪುಸ್ತಕವನ್ನು ತೆಗೆದು ಕಪಾಟಿನಲ್ಲಿಡುವವಳು ಗುರು.

ಹಿರಿಯರ ಕೈಕೆಳಗಿನ ಅಭ್ಯಾಸವು ಸ್ವಂತ ಬುದ್ಧಿಯನ್ನು ಕುಗ್ಗಿಸುವುದೆಂಬ ಭಯಕ್ಕೆ ಭರತಖಂಡದ ಒಂದು ನಿದರ್ಶನವೇ ಸಮಾಧಾನವನ್ನು ಕೊಡಬಲ್ಲುದು. ಶಿಯಾಳಿ ರಾಮಾಮೃತ ರಂಗನಾಥನ್ನರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿಯೂ ಅನಂತರ ಇತರ ಕಡೆಗಳಲ್ಲಿಯೂ ಗಣಿತವನ್ನು ಬೋಧಿಸಿದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ನಿಯಮಿತರಾದಾಗ ಅವರಿಗೆ ಆ ಕೆಲಸವು ರುಚಿಸಿರಲಿಲ್ಲ. ವೃತ್ತಿಯನ್ನು ಕಲಿತು ಬರುವುದಕ್ಕಾಗಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನಲ್ಲಿ ಓದಿ, ಬರ್ವಿಕ್ ಸೇಯರ್ಸರು ಮುಖ್ಯಾಧಿಕಾರಿಗಳಾಗಿದ್ದ ಕ್ರಾಯ್ಡನ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸವನ್ನು ಕಂಡು ಕಲಿತರು. ಮೂವತ್ತು ವರ್ಷ ದಾಟಿದ ಪ್ರಾಧ್ಯಾಪಕರೊಬ್ಬರು ಹೀಗೆ ಮತ್ತೆ ಶಿಷ್ಯರಾಗಿ ನಿಂತುದರಿಂದ ಅವರ ಸ್ವಾತಂತ್ರ್ಯವು ಕುಂದಲಿಲ್ಲ. 1931ರಲ್ಲಿ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನೂ, 1933ರಲ್ಲಿ ಡ್ಯೂಯಿಯವರ ಪದ್ಧತಿಗಿಂತ ಬೇರೆಯಾದ ದ್ವಿಬಿಂದು ವರ್ಗೀಕರಣವನ್ನೂ ಪ್ರಕಟಿಸಿದರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನ ಶಿಕ್ಷಣಕೇಂದ್ರವು ಈ ವಿದ್ಯೆಯಲ್ಲಿ ಅನೇಕರನ್ನು ತಯಾರುಮಾಡಿತು. 1972ರಲ್ಲಿ ಅವರು ತೀರಿಕೊಂಡುದೂ ಬೆಂಗಳೂರಿನಲ್ಲಿಯೇ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕವುಂಟು, ಪ್ರತಿಯೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗನುಂಟು ಎಂಬುದು ಅವರ ಸೂತ್ರಗಳ ಆಶಯ. ಸೆಳೆಖಾನೆಯ ಪುಸ್ತಕಕ್ಕೂ ಒಬ್ಬ ಓದುಗನು ಕಾದಿರುವನೆಂಬುದನ್ನು ಮರೆಯದವರು ಮಾತ್ರ ಆ ಸೂತ್ರವನ್ನು ಅರಿತವರು. ಗುರುಗಳಿಂದ ಕಲಿತುದನ್ನು ಗೌರವಿಸುತ್ತಲೇ ಅವರಿಂದ ಬೇರೆಯಾಗಿ ಯೋಚಿಸಬಲ್ಲ ಶಿಷ್ಯನು ಹೊರಬಂದರೆ, ಅಭ್ಯಾಸವು ನಿಜವಾಗಿ ಮುಗಿಯಿತೆನ್ನಬಹುದು.

ನೂರರುವತ್ತನೆಯ ಗಂಟೆಯು ಕಳೆದ ದಿನ ಅಭ್ಯರ್ಥಿನಿಯ ಕೈಗೆ ಬರುವುದು ರುಜುವಾದ ಒಂದು ಕಾಗದ. ಆಕೆಯು ಆ ಗಂಟೆಗಳಲ್ಲಿ ಏನೇನು ಮಾಡಿದಳೆಂಬುದನ್ನು ಅದು ಹೇಳಬಲ್ಲುದು, ಏನಾದಳೆಂಬುದನ್ನು ಹೇಳಲಾರದು. ಅದು ಗೊತ್ತಾಗುವುದು ಮತ್ತೊಂದು ಶಾಲೆಯಲ್ಲಿ, ಬಳಿಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಹುಡುಗಿಯೊಬ್ಬಳು ಮೇಜಿನ ಬಳಿಗೆ ಬಂದು ತಲೆ ತಗ್ಗಿಸಿಕೊಂಡು ಮೆಲ್ಲನೆ ಒಂದು ಪುಸ್ತಕದ ಹೆಸರನ್ನು ಹೇಳಿದಾಗ. ಆಗ ಗ್ರಂಥಪಾಲಿಕೆಯು ತಾನೂ ದನಿಯನ್ನು ತಗ್ಗಿಸಿ ಉತ್ತರ ಕೊಟ್ಟು, ಆ ಪುಸ್ತಕವು ತನ್ನ ಕಪಾಟಿನಲ್ಲಿಯೇ ಇದ್ದು, ಅದನ್ನು ತಂದು ಅವಳ ಕೈಗಿಟ್ಟರೆ, ಹಿಂದೆ ಆ ಕಾಗದಕ್ಕೆ ರುಜು ಹಾಕಿದ ಕೈಯು ತಪ್ಪಲಿಲ್ಲವೆಂದು ತಿಳಿಯಬೇಕು.